ದೆವ್ವ ಕಾಣದ ದೆವ್ವದ ಸಿನೆಮಾ

ಭಾವಾ,

ಮೊದಲು ಲೆಕ್ಕ, ಉಳಿದದ್ದು ಆಮೇಲೆ. ನಮ್ಮ ಒಂಬತ್ತು ನಿಮಿಷದ ದೆವ್ವದ ಸಿನೆಮಾಕ್ಕೆ ತಗುಲಿದ ಖರ್ಚು ಇಷ್ಟು: ಮಂಗಳೂರಿಂದ ನೀನು ಬಾಡಿಗೆಗೆ ತಂದ ಲೆನ್ಸು, ಅದನ್ನು ತರಲು ಹೋದ ಕಾರಿನ ಪೆಟ್ರೋಲು, ಐದಾರು ಜನರ ಎರಡು ದಿನದ ಚಾ ಮತ್ತು ಬನ್ಸು, ಗಂಗೊಳ್ಳಿ ಬಂದರಿನ ಒಂದು ಬುಟ್ಟಿ ಬಂಗುಡೆ ಮೀನು, ಟಾರ್ಪಾಲಿಲ್ಲದೆ ನಿಂತ ನನ್ನ ಐಸ್ ಲಾರಿಗಳ ಬಾಡಿಗೆ. ಇಷ್ಟನ್ನೂ ನಾನು ಕಟ್ಟಿದೆ, ಬೇಸರವಿಲ್ಲ. ಬಿಲ್ಲಿಲ್ಲದ ಖರ್ಚು ಇನ್ನೊಂದಿದೆ. ನೀನು ಹೋದ ಮೇಲೆ ನಿನ್ನ ಅಮ್ಮ ಸರಿಯಾಗಿ ನಿದ್ದೆ ಮಾಡಿಲ್ಲ. ಮಗ ಹೋದ ದುಃಖ ಅಂತ ನಾವೆಲ್ಲ ತಿಳಿದಿದ್ದೆವು. ಅದು ಸಿನೆಮಾದ ಖರ್ಚು ಅಂತ ಗೊತ್ತಾಗಲು ನನಗೇ ಒಂದು ವರ್ಷ ಬೇಕಾಯಿತು.

ನನ್ನ ಐಸ್ ಪ್ಲಾಂಟಿನ ಕಟ್ಟೆ ಮೇಲೆ ಕೂತು ನೀನು ಈ ವಿಷಯ ಎತ್ತಿದ ಸಂಜೆ ನೆನಪಿದೆಯಾ? ತೊಂಬತ್ತೇಳರಿಂದ ತಲ್ಲೂರಿನ ಅಂಗಡಿಯಲ್ಲಿ ಮದುವೆ ವಿಡಿಯೋ ತೆಗೆದು ತೆಗೆದು ನಿನಗೆ ಓಕರಿಕೆ ಬಂದಿತ್ತು. "ಹದಿನೈದ್ ವರ್ಷ ನಗು ಮುಖ ತೆಗ್ದೆ ಭಾವ. ಒಂದ್ ಸಲ ಹೆದ್ರಿದ್ ಮುಖ ತೆಗೀಕ್" ಅಂದೆ ನೀನು.

"ಲಾಭ ಎಂತ ಇತ್ತ್?"

"ಎಂತದೂ ಇಲ್ಲೆ."

"ಹಾಂಗಾರೆ ಎಷ್ಟ್ ಬೇಕ್ ಹೇಳ್."

ನಿನ್ನ ತಂಗಿಯನ್ನು ಕಟ್ಟಿಕೊಂಡ ಮೇಲೆ ನಾನು ಕೈಹಾಕಿದ ಎರಡನೇ ಲಾಭವಿಲ್ಲದ ವ್ಯವಹಾರ ಇದು ಅಂದೆ. ನೀನು ಅದನ್ನು ಅವಳಿಗೆ ಹೇಳಿ ವಾರಗಟ್ಟಲೆ ನನ್ನ ಮನೆಯ ಊಟ ಕೆಡಿಸಿದೆ.

ನೀನು ಕತೆ ಹೇಳಿದ್ದೂ ಅದೇ ಕಟ್ಟೆಯ ಮೇಲೆ. ಹಿರಿಯರಿಗೆ ಎಡೆ ಬಡಿಸುವ ದಿನ ನಮ್ಮಲ್ಲಿ ಸತ್ತವರ ಹೆಸರು ಹೇಳಿ ಒಳಕೋಣೆಯಲ್ಲಿ ಎಲೆ ಹಾಕುತ್ತೇವೆ, ಅನ್ನ, ಮೀನು, ಅವರಿಗೆ ಇಷ್ಟವಿದ್ದದ್ದೆಲ್ಲ ಬಡಿಸುತ್ತೇವೆ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಬಾಯಿ ಮುಚ್ಚಿ ನಿಲ್ಲುತ್ತೇವೆ. ಅವರು ಉಂಡೇಳುವಷ್ಟು ಹೊತ್ತು. ಆಮೇಲೆ ಚಪ್ಪಾಳೆ ತಟ್ಟಿ ಬಾಗಿಲು ತೆರೆಯುವುದು. ಒಬ್ಬಳೇ ಇರುವ ಮುದುಕಿಯೊಬ್ಬಳು ಹೀಗೆ ಬಡಿಸಿ ಹೊರಗೆ ನಿಂತಿದ್ದಾಳೆ. ಒಳಗೆ ಏನೋ ಸದ್ದಾಗುತ್ತದೆ. ಅಷ್ಟೇ ನಿನ್ನ ಕತೆ.

"ದೆವ್ವ ಯಾವಾಗ ಬತ್ತ್?" ಅಂದೆ ನಾನು.

"ಬತ್ತಿಲ್ಲೆ."

"ದುಡ್ಡ್ ಕೊಟ್ಟವನಿಗೆ ಒಂದ್ ದೆವ್ವನಾರೂ ಬ್ಯಾಡ್ದಾ ಮಾರಾಯಾ?"

"ಬಾಗ್ಲ್ ತೆಗ್ದ್ ತೋರ್ಸಿರೆ ಅದ್ ನಿನ್ ದೆವ್ವ ಆತ್ತ್ ಭಾವ. ಮುಚ್ಚಿ ಇಟ್ರೆ ಕಾಂಬವ್ರ್ ಅವ್ರವ್ರ ದೆವ್ವ ತಂದ್ ಒಳ್ಗ್ ಕೂರ್ಸ್ತ್ರ್."

ಆಗ ನಕ್ಕಿದ್ದೆ. ಆ ಮಾತು ಎಷ್ಟು ನಿಜ ಅಂತ ನಿನಗಾದರೂ ಗೊತ್ತಿತ್ತಾ?

ಕಿರಿಮಂಜೇಶ್ವರದ ನಿಮ್ಮ ಮನೆಯಲ್ಲಿ ನಾವು ಕತ್ತಲೆ ಮಾಡಿದ್ದು ನಡುಮಧ್ಯಾಹ್ನ. ಕಿಟಕಿಗೆಲ್ಲ ನನ್ನ ಟಾರ್ಪಾಲು, ಮಾಡಿನ ಒಂದು ಗಾಜಿನ ಹಂಚಿನಿಂದ ಮಾತ್ರ ಎಲೆಯ ಮೇಲೆ ಬೀಳುವ ಬೆಳಕು. ಮುದುಕಿಯ ಪಾತ್ರಕ್ಕೆ ನೀನು ನಿನ್ನ ಅಮ್ಮನನ್ನೇ, ನನ್ನ ಅತ್ತೆಯನ್ನೇ ಒಪ್ಪಿಸಿದ್ದೆ. ಸಂಬಳವಿಲ್ಲದ ನಟಿ, ಆ ಲೆಕ್ಕ ನನಗೂ ಹಿಡಿಸಿತು. ನೀನು ಅವರನ್ನು ಕ್ಯಾಮೆರಾ ಚೌಕಟ್ಟಿನ ಒಂದು ಮೂಲೆಗೆ ತಳ್ಳಿ, ಬೆನ್ನ ಹಿಂದೆ ಇಡೀ ಜಗಲಿಯನ್ನು ಖಾಲಿ ಬಿಟ್ಟೆ. ಎಷ್ಟು ಜಾಗ ದಂಡ ಅಂತ ನಾನು ಅಂದಿದ್ದಕ್ಕೆ, ಆ ಖಾಲಿಯಲ್ಲಿ ಯಾರೋ ಬರುತ್ತಾರೆ ಅಂತ ಜನ ಕಾಯುತ್ತಾರೆ, ಯಾರೂ ಬಾರದೆ ಇದ್ದರೆ ಇನ್ನೂ ಕಾಯುತ್ತಾರೆ ಅಂದೆ. ಮುಚ್ಚಿದ ಬಾಗಿಲನ್ನು ಕ್ಯಾಮೆರಾ ಅಲ್ಲಾಡಿಸದೆ ನೀನು ತೆಗೆಯುತ್ತಲೇ ಇದ್ದಾಗ ನನಗೆ ಸಿಟ್ಟು ಬಂದಿತ್ತು. ಸ್ವಲ್ಪ ಹೊತ್ತಿಗೆ ನಾನೇ ಆ ಬಾಗಿಲಿನ ಚಿಲಕ ನೋಡುತ್ತ ನಿಂತಿದ್ದೆ. ಒಳಗೆ ಯಾರೂ ಇಲ್ಲ ಅಂತ ಗೊತ್ತಿದ್ದವನು ನಾನು, ಆದರೂ...

ಎಲೆ ಹಾಕುವಾಗ ಅತ್ತೆಯ ಕೈ ತಡೆದದ್ದು ಅಲ್ಲೇ. "ಯಾರ್ ಹೆಸ್ರಿಗ್ ಬಡ್ಸುದ್ ಮಗಾ? ಹೆಸ್ರಿಲ್ದೆ ಎಡೆ ಹಾಕುಕಾಗ" ಅಂದರು. ಬೇರೆ ಊರಿನವರಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ; ಸಿನೆಮಾದ ಎಲೆಗೆ ಹೆಸರೇಕೆ? ನಮ್ಮವರಿಗೆ ಹಾಗಲ್ಲ, ಎಲೆ ಅಂದರೆ ಎಲೆಯೇ. ಹಂಚಿನ ಬೆಳಕು ಜಾರುತ್ತಿತ್ತು, ನಿನಗೆ ಅವಸರ. ಕ್ಯಾಮೆರಾದ ಹಿಂದಿನಿಂದಲೇ ಕೂಗಿದೆ: "ನನ್ ಹೆಸ್ರಿಗೇ ಹಾಕ್ ಅಬ್ಬಿ, ಬೇಗ ಹಾಕ್, ಬೆಳ್ಕ್ ಹೋತಿತ್ತ್!" ಅತ್ತೆಯ ಮುಖ ಒಮ್ಮೆಲೇ ಬಿಳಿಚಿತು. ಬಡಿಸಿದರು. ಆ ಮುಖವೇ ನಿನ್ನ ಸಿನೆಮಾದ ಜೀವ. ಅದು ನಟನೆ ಅಲ್ಲ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು.

ತಲ್ಲೂರಿನ ಅಂಗಡಿಯಲ್ಲಿ ನೀನು ಎಡಿಟಿಂಗಿಗೆ ಕೂತಾಗ ನನ್ನನ್ನು ಕರೆದು ಒಂದು ಆಟ ತೋರಿಸಿದೆ. ಅತ್ತೆಯ ಆ ಮುಖದ ಮುಂದೆ ಮುಚ್ಚಿದ ಬಾಗಿಲಿನ ಶಾಟು ಜೋಡಿಸಿದೆ, ನನ್ನ ಮೈ ಜುಂ ಅಂದಿತು. ಅದೇ ಮುಖದ ಮುಂದೆ ಉಕ್ಕುವ ಹಾಲಿನ ಪಾತ್ರೆ ಜೋಡಿಸಿದೆ, ನಗು ಬಂತು. "ಮುಖ ಒಂದೇ ಭಾವ. ಹಿಂದ್ ಮುಂದ್ ಎಂತ ಇತ್ತ್ ಅಂಬುದ್ರ ಮೇಲೆ ಹೆದ್ರಿಕಿ" ಅಂದೆ. ಸದ್ದಿನದೂ ಹಾಗೇ. ಹಿನ್ನೆಲೆಯಲ್ಲಿ ಸಣ್ಣಗೆ ಕಡಲಿನ ಮೊರೆತ ಹಾಕಿ, ಮುದುಕಿ ಬಾಗಿಲ ಹತ್ತಿರ ಬಂದ ಕೂಡಲೇ ಅದನ್ನು ಪೂರ್ತಿ ನಿಲ್ಲಿಸಿದೆ. ಏನೂ ಸೇರಿಸದೆ, ಇದ್ದದ್ದನ್ನು ತೆಗೆದು ಹೆದರಿಸುವ ವ್ಯಾಪಾರ! ಖರ್ಚಿಲ್ಲದ ಆ ಉಪಾಯಕ್ಕೆ ನಾನು ಕೈ ಮುಗಿದಿದ್ದೆ.

ಬ್ರಹ್ಮಾವರದ ಮದುವೆ ಮಂಟಪದಿಂದ ಫೋನು ಬಂದಾಗ ನಾನು ಮೀನಿನ ಲೋಡು ಕಳಿಸುತ್ತಿದ್ದೆ. ಊಟದ ಪಂಕ್ತಿಯ ವಿಡಿಯೋ ತೆಗೆಯುತ್ತಿದ್ದ ನೀನು ಎದೆ ಹಿಡಿದುಕೊಂಡು ಕೂತೆಯಂತೆ, ಮತ್ತೆ ಏಳಲಿಲ್ಲವಂತೆ. ಸಿನೆಮಾ ತೆಗೆದು ವರ್ಷ ತುಂಬಿರಲಿಲ್ಲ. ಮೊದಲ ವರ್ಷದ ತಿಥಿ ಬಂತು. ಎಲ್ಲ ತಯಾರಿತ್ತು, ಎಲೆ ಹಾಕಬೇಕಾದ ಅತ್ತೆ ಮಾತ್ರ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಿನ್ನ ತಂಗಿ ಕರೆದಳು, ಗದರಿಸಿದಳು, ಅತ್ತಳು.

"ನಾನ್ ಒಂದ್ ಸಲ ಬಡ್ಸಿ ಆಯ್ತ್" ಅಂದರು ಅತ್ತೆ. "ಮಗ ಬದ್ಕಿಪ್ಪತಿಗೇ ಅವ್ನ ಹೆಸ್ರಿಗ್ ಎಡೆ ಹಾಕ್ದೆ. ಅವ್ನೇ ಕೂಕಂಡ್ ಉಂಡ. ಕೊಂದದ್ ನಾನೇ. ಇನ್ನೊಂದ್ ಸಲ ಈ ಕೈಯಲ್ಲ್ ಬಡ್ಸ್ತಿಲ್ಲೆ."

ಆ ವರ್ಷ ನಿನಗೆ ಎಲೆ ಬೀಳಲಿಲ್ಲ ಭಾವ. ನಿನ್ನ ತಂಗಿ ಬಡಿಸುತ್ತೇನೆ ಅಂದರೆ ಅತ್ತೆ ಆ ಎಲೆಯನ್ನೇ ಕಿತ್ತುಕೊಂಡರು.

ನಿನ್ನ ಅಂಗಡಿ ಖಾಲಿ ಮಾಡುವಾಗ ಶೂಟಿಂಗಿನ ದಿನದ ಅಷ್ಟೂ ಫೂಟೇಜು ನನಗೆ ಸಿಕ್ಕಿತು. ನೀನು "ಕಟ್" ಅಂದು, ನಾನು ಐಸ್ ಪ್ಲಾಂಟಿಗೆ ಹೊರಟ ಮೇಲೂ ಮೂಲೆಯಲ್ಲಿಟ್ಟ ಸಣ್ಣ ಕ್ಯಾಮೆರಾ ಓಡುತ್ತಲೇ ಇತ್ತು. ಅತ್ತೆ ಹೇಳಿದ್ದು ಸುಳ್ಳಲ್ಲ, ನೀನು ಆ ಎಲೆಗೇ ಕೂತಿದ್ದೀ. ಇದನ್ನು ಅತ್ತೆಗೆ ತೋರಿಸಲಾ, ಅಳಿಸಿಬಿಡಲಾ? ತೋರಿಸಿದರೆ ಅವರ ಹೆದರಿಕೆಗೆ ನಾನೇ ಸಾಕ್ಷಿ ಒದಗಿಸಿದಂತೆ. "ನನ್ ಹೆಸ್ರಿಗೇ ಹಾಕ್" ಅಂದ ನಿನ್ನ ಮಾತನ್ನು ಕತ್ತರಿಸಿ ತೋರಿಸುವುದು ನನ್ನಂಥವನಿಗೂ ಬರುತ್ತಿತ್ತು. ಆದರೆ ಮತ್ತೆ ಮತ್ತೆ ನೋಡಿದಾಗ ಅನಿಸಿದ್ದು ಬೇರೆ. ಅತ್ತೆಯ ಮನಸ್ಸು ನಿನಗಿಂತ ಪಕ್ಕಾ ಎಡಿಟರು. ನಿನ್ನ ಮಾತು, ಎಲೆ, ನೀನು ಕೂತದ್ದು, ನಿನ್ನ ಹೆಣ, ಇಷ್ಟನ್ನೇ ಜೋಡಿಸಿ, ನಡುವಿನದನ್ನೆಲ್ಲ ಕಿತ್ತು ಎಸೆದಿತ್ತು. ಇನ್ನೊಬ್ಬ ಕತ್ತರಿ ಹಿಡಿದು ಹೋದರೆ ಏನು ಪ್ರಯೋಜನ? ಕತ್ತರಿಸದೆ ತೋರಿಸಿದೆ.

ಟೀವಿಯ ಮುಂದೆ ಅತ್ತೆ ಸೆರಗು ಕಚ್ಚಿ ಕೂತಿದ್ದರು. ನಿನ್ನ ಆ ಮಾತು ಬಂದಾಗ ಕಣ್ಣು ಮುಚ್ಚಿದರು. ನಾನು ನಿಲ್ಲಿಸಲಿಲ್ಲ. ಟೀವಿಯೊಳಗೆ ಟಾರ್ಪಾಲು ಬಿಚ್ಚಿದರು, ಮನೆಯೆಲ್ಲ ಬೆಳಕಾಯಿತು. ನೀನು ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಹದಿನೈದು ವರ್ಷ ಊರಿನವರ ವಿಡಿಯೋ ತೆಗೆದವನು ನೀನು, ನೀನೇ ಇರುವ ವಿಡಿಯೋ ಇದೊಂದೇ.

"ಹ್ವಾಯ್, ಏಳಾ! ಅದ್ ಎಡೆದ್ ಎಲೆ!" ಅಂತ ಟೀವಿಯೊಳಗಿನ ಅತ್ತೆ ನಿನ್ನ ಬೆನ್ನಿಗೆ ಗುದ್ದಿದರು.

"ಬಂಗ್ಡಿ ದಂಡ ಮಾಡುಕಾತ್ತಾ? ಭಾವ ಲೆಕ್ಕ ಬರೀತ. ಅನ್ನ ಹಾಕ್ ಅಬ್ಬಿ."

ಅತ್ತೆ ಬೈಯುತ್ತ, ಬೈಯುತ್ತಲೇ ನಗುತ್ತ, ಅನ್ನ ಹಾಕಿದರು. ನೀನು ಮತ್ತೆ ಎಲೆ ತೋರಿಸಿದೆ. ಇನ್ನೊಂದು ಸೌಟು. "ಸಾಕಾ?" "ಸಾಕಾಯ್ಲಿಲ್ಲ." ಅಷ್ಟಕ್ಕೆ ಬ್ಯಾಟರಿ ಮುಗಿದಿದೆ.

ಅತ್ತೆ ಬಾಯಿಂದ ಸೆರಗು ತೆಗೆದರು. ಆಮೇಲೆ ಕೇಳಿದರು: "ನಾನ್ ನಗಾಡಿನಾ?"

"ನಗಾಡಿದ್ರಿ ಅತ್ತೆ."

"ಸತ್ತವ್ರ್ ಮತ್ತೊಂದ್ ಸಲ ಅನ್ನ ಕೇಂತ್ರಾ?"

"ಕೇಂತಿಲ್ಲೆ."

"ಹಾಂಗಾರೆ ಅದ್ ಎಡೆ ಅಲ್ಲ, ಊಟ" ಅಂದರು. ಟೀವಿ ತೋರಿಸಿ, "ಹೆದ್ರಿಕಿ ಹೋಯ್ಲಿಲ್ಲ ಕಾಣಿ. ಇನ್ನೊಂದ್ ಸಲ ಹಾಕಿ" ಅಂದರು.

ನಿನಗೆ ತಿಳಿಯದ ಸುದ್ದಿ ಇದು: ಈ ವರ್ಷ ನಿನ್ನ ಹೆಸರು ಹೇಳಿ ಅತ್ತೆಯೇ ಎಲೆ ಹಾಕಿದರು. ಹೆಸರು ಹೇಳುವಾಗ ಸ್ವರ ಒಡೆಯಿತು, ನಿಲ್ಲಲಿಲ್ಲ. ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ದೆವ್ವ ತೋರಿಸು ಅಂತ ಜಗಳ ಮಾಡಿದವನು ನಾನು, ಈ ಬಾಗಿಲು ಸ್ವಲ್ಪ ಹೊತ್ತು ಮುಚ್ಚಿಯೇ ಇರಲಿ ಅಂತ ಬೇಡಿಕೊಂಡೆ. ಅತ್ತೆ ಚಪ್ಪಾಳೆ ತಟ್ಟಿ ಒಳಗೆ ಹೋದರು. ಈಗಲೂ ಕೆಲವು ರಾತ್ರಿ ಎದ್ದು ಕೂರುತ್ತಾರಂತೆ, ನಿನ್ನ ತಂಗಿ ಹೇಳುತ್ತಾಳೆ. ಎಲ್ಲ ಸರಿಯಾಯಿತು ಅಂತ ನಿನಗೆ ಸುಳ್ಳು ಬರೆಯಲಾರೆ.

ಯಾರಿಗೆ ಏನು ಸಿಕ್ಕಿತು ಅಂತ ಬರೆದು ಮುಗಿಸುತ್ತೇನೆ. ಸಿನೆಮಾ ಕುಂದಾಪುರದಲ್ಲಿ ಒಂದು ಸಲ ತೋರಿಸಿದೆವು. ಜನರಿಗೆ ಒಂಬತ್ತು ನಿಮಿಷದ ಹೆದರಿಕೆ ಸಿಕ್ಕಿತು. ನಿನ್ನ ಜೊತೆ ಲೈಟು ಹಿಡಿದವರಿಗೆ ನಿನ್ನ ಗಿರಾಕಿಗಳು ಸಿಕ್ಕಿದರು. ನಿನ್ನ ತಂಗಿಗೆ ಅಮ್ಮ ಕೈಯಾರೆ ಬಡಿಸಿದ ಊಟ ಮತ್ತೆ ಸಿಕ್ಕಿತು. ಅತ್ತೆಗೆ ವಾರದಲ್ಲಿ ನಾಲ್ಕೈದು ರಾತ್ರಿಯ ನಿದ್ದೆ. ನಿನಗೆ ಒಂದು ಎಲೆ ಊಟ. ನನಗೆ ಏನೂ ಇಲ್ಲ, ಭಾವನೊಬ್ಬ ಕಡಿಮೆ.