ಅಕ್ಕ ಅಳಿಸಿದ ಜಾಡು

ಮಾರ್ಚ್ ೧೪, ಗುರುವಾರ

ಬೆರಳ ಸಂದಿಯ ಮರಳು ಎಷ್ಟು ತೊಳೆದರೂ ಹೋಗುತ್ತಿಲ್ಲ. ಪೆನ್ನು ಹಿಡಿದರೂ ಕರಕರ ಎನ್ನುತ್ತದೆ.

ಕಡಲಾಮೆ ರಾತ್ರಿ ಬಂದು ಮೊಟ್ಟೆಯಿಟ್ಟು ಹೋದರೆ, ಬೆಳಿಗ್ಗೆ ಅದರ ಜಾಡು ಹಿಡಿದು ಗೂಡು ಹುಡುಕಿ ಗುರುತಿಗೆ ಕೋಲು ನೆಡಬೇಕು. ಮರುದಿನ ಅದನ್ನೇ ಹೊಸ ಜಾಡೆಂದುಕೊಳ್ಳದಿರಲು ಆಮೇಲೆ ಹಲಗೆ ಎಳೆದು ಅಳಿಸಬೇಕು. ಇವತ್ತು ಅಕ್ಕ ಕೋಲು ನೆಡುವ ಮೊದಲೇ ಅಳಿಸಿಬಿಟ್ಟಿದ್ದಾಳೆ. ಮನೆಯಲ್ಲಿ ನಾವು ಉಣ್ಣುತ್ತಿರುವಾಗಲೇ ತಟ್ಟೆ ಎತ್ತುವವಳು. ಈ ದ್ವೀಪಕ್ಕೆ ಬಂದರೆ ಬುದ್ಧಿ ಬದಲಾಗುತ್ತದೆಯೇ?

"ಚೊಕ್ಕಟವಾಗಿರ್ಲಿ ಅಂತ ಎಳೆದೆ ಕಣೇ," ಅಂದಳು, ಮುಖ ಸಣ್ಣದು ಮಾಡಿಕೊಂಡು.

ಆ ಭಾಗದ ತೀರ ತಗ್ಗು. ನಾಳೆಯ ದೊಡ್ಡ ಉಬ್ಬರಕ್ಕೆ ಮೊದಲು ಮೊಟ್ಟೆಗಳನ್ನು ಮೇಲಕ್ಕೆ ಸಾಗಿಸದಿದ್ದರೆ ಎಲ್ಲ ನೀರುಪಾಲು. ರಜೆಯಲ್ಲಿ ಆಮೆ ಕಾಯುವ ತಂಡಕ್ಕೆ ಸೇರಲು ಬಂದ ನಾವೆಲ್ಲ ದಿನವಿಡೀ ಮಂಡಿಯೂರಿ ಕೈಯಲ್ಲೇ ಕೆದಕಿದೆವು. ಸಿಗಲಿಲ್ಲ. ತಂಡದ ಮುಖ್ಯಸ್ಥೆ "ಹೋಗ್ಲಿ ಬಿಡಿ, ಊಟ ಮಾಡಿ" ಅಂದರು. ಅವರಾದರೂ ಬೈದಿದ್ದರೆ ಚೆನ್ನಾಗಿತ್ತು. ಆ ಕೆಲಸವನ್ನು ನಾನು ಮಾಡಿದೆ: "ಎಲ್ಲಿಗೆ ಹೋದ್ರೂ ನಿಂದೊಂದು ಚೊಕ್ಕ ಮಾಡೋ ಚಾಳಿ!"

ಅಕ್ಕ ಉಣ್ಣದೆ ಎದ್ದಳು.

ನನ್ನ ಬೆನ್ನು ನೆಟ್ಟಗಾಗುತ್ತಿಲ್ಲ. ದೀಪ ಆರಿಸೋಣವೆಂದು ನೋಡಿದರೆ ಅವಳ ಹಾಸಿಗೆ ಖಾಲಿ, ಹೊದಿಕೆ ಮಡಿಸಿಟ್ಟಿದೆ. ಬೆಳಕಿಗೆ ಆಮೆಗಳು ದಾರಿ ತಪ್ಪುತ್ತವೆಂದು ದಡಕ್ಕೆ ಟಾರ್ಚ್ ಒಯ್ಯುವಂತಿಲ್ಲ. ಅದು ಗೂಟದಲ್ಲೇ ನೇತಾಡುತ್ತಿದೆ. ಕತ್ತಲಲ್ಲಿ ಒಬ್ಬಳೇ ಮರಳು ತಡಕುತ್ತಿರಬೇಕು. ಹೋಗಲಿ, ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ. ಮಲಗುತ್ತೇನೆ.

ನನ್ನ ಚಪ್ಪಲಿಯನ್ನೂ ಬಾಗಿಲ ಕಡೆಗೆ ಮುಖ ಮಾಡಿ ಜೋಡಿಸಿಟ್ಟು ಹೋಗಿದ್ದಾಳೆ.