ಸೇವಂತಿಗೆ ಮತ್ತು ಕರಿ ರೇಷ್ಮೆ

ಕ್ವೇಕರ್ಸ್ ಹಿಲ್, ಸಿಡ್ನಿ
೬ ನವೆಂಬರ್ ೨೦೦೫, ಭಾನುವಾರ

ನನ್ನವ್ವಾ ಸಂಧ್ಯಾರಾಣಿ,

ಹೇಗಿದ್ದೀ? ಕಾಲು ಬಾತಿವೆಯೇ? ವಾಕರಿಕೆ ನಿಂತಿತೇ, ಇಲ್ಲ ನನ್ನ ಹಾಗೆ ಒಂಬತ್ತು ತಿಂಗಳೂ ಜೊತೆಗೇ ಇರುತ್ತೇನೆಂದು ಹಟ ಹಿಡಿದಿದೆಯೇ? ಎಡಮಗ್ಗುಲಾಗಿ ಮಲಗು. ರಾತ್ರಿ ಹುಳಿ ತಿನ್ನಬೇಡ. ಮೆಲ್ಬರ್ನ್‌ನಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಆಲಿಕಲ್ಲು ಎನ್ನುತ್ತಾರೆ. ನೀವಿರುವ ಕ್ರೇಗಿಬರ್ನ್ ಅಂತೂ ಬಯಲಂತೆ, ತಡೆಯುವ ಗಿಡಮರ ಇಲ್ಲವಂತೆ. ಕಿವಿಗೆ ಸ್ಕಾರ್ಫ್ ಕಟ್ಟಿಕೋ. ನಿನಗೆ ಆರು ತಿಂಗಳು ಎಂದು ಇವಳಿಗೆ ಹೇಗೆ ಗೊತ್ತಾಯಿತು ಎಂದು ಹುಬ್ಬೇರಿಸಬೇಡ. ನೀನಂತೂ ಹೇಳಲಿಲ್ಲ. ಹೇಳಿದವರ ಹೆಸರು ಮೊದಲೇ ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಅದನ್ನು ಅದರ ಸರದಿಗೆ ಬಿಡುತ್ತೇನೆ.

ಫೋನು ಇರುವಾಗ ಪತ್ರ ಯಾಕೆ ಎಂದರೆ, ನಿನ್ನ ಫೋನಿನಲ್ಲಿ ನೀನು ಸಿಗುವುದಿಲ್ಲ, ನಿನ್ನ ಯಂತ್ರ ಸಿಗುತ್ತದೆ. ನಿನ್ನ ಮದುವೆಯಾದ ಹದಿನೈದು ತಿಂಗಳಲ್ಲಿ ಒಂಬತ್ತು ಸಲ ಮಾಡಿದ್ದೇನೆ. ಪ್ರತಿ ಸಲವೂ ಅದು ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿಸಿ, ಕೊನೆಗೆ ಕೀಂ ಎನ್ನುತ್ತದೆ. ಆ ಕೀಂ ಆದ ಮೇಲೆ, ಗಿರಾಕಿಗಳ ಹತ್ತಿರ ಗಂಟೆಗಟ್ಟಲೆ ಹರಟುವ ನಿನ್ನವ್ವನ ಬಾಯಿಗೆ ಬೀಗ ಬೀಳುತ್ತದೆ. ಅದಕ್ಕೇ ಕಾಗದ. ನೀನು ಐದನೆಯ ಇಯತ್ತೆಯವರೆಗೆ ಧಾರವಾಡದಲ್ಲಿ ಕಲಿತವಳು. ನಿಧಾನವಾಗಿ ಓದಿದರೆ ಎಲ್ಲ ತಿಳಿಯುತ್ತದೆ. ಅವಸರ ನನಗೂ ಇಲ್ಲ.

ಮನೆಯ ಸುದ್ದಿ ಹೇಳಬೇಕೆಂದರೆ, ನಿನ್ನ ಕೋಣೆಯನ್ನು ಮುಟ್ಟಿಲ್ಲ. ಮುಟ್ಟಿಲ್ಲ ಎಂದರೆ ಸುಳ್ಳು, ವಾರಕ್ಕೊಮ್ಮೆ ಕಸ ಹೊಡೆಯುತ್ತೇನೆ, ಹೊಡೆಯಲು ಕಸವೇ ಇರುವುದಿಲ್ಲ. ಮೊದಲು ನೆಲದ ಮೇಲೆ ನಿನ್ನ ಕೂದಲು, ಕಡಲೆಕಾಯಿ ಸಿಪ್ಪೆ, ಒಂದೇ ಕಾಲಿನ ಕಾಲುಚೀಲ ಸಿಗುತ್ತಿದ್ದವು, ಎಷ್ಟು ಬೈಯುತ್ತಿದ್ದೆ! ಈಗ ಆ ನೆಲ ಆಸ್ಪತ್ರೆಯ ನೆಲದಂತೆ ಹೊಳೆಯುತ್ತದೆ, ನೋಡಿದರೆ ಸಿಟ್ಟು ಬರುತ್ತದೆ. ರೊಟ್ಟಿ ಬಡಿಯಲು ಕೂತರೆ ಕೈ ತಾನಾಗಿಯೇ ಆರು ಉಂಡೆ ಮಾಡುತ್ತದೆ. ನಾನು ತಿನ್ನುವುದು ಎರಡು. ಉಳಿದವು ಒಣಗಿ ಕಟಕ ರೊಟ್ಟಿಯಾಗುತ್ತವೆ, ಅವನ್ನು ಮರುದಿನ ನಾನೇ ಕಡಿಯುತ್ತೇನೆ. ಕೈಗೆ ಹೇಳಿ ಸಾಕಾಯಿತು, ಅದು ಕೇಳುವುದಿಲ್ಲ.

ಇನ್ನು ಆ ದಿನದ ಮಾತು. ಕಳೆದ ವರ್ಷದ ಮದರ್ಸ್ ಡೇ. ನೀನು ಅದನ್ನು ಪಾವ್ಲುವಿನ ಪಕ್ಕದಲ್ಲಿ ಕೂತು ನೋಡಿದೆ, ನಾನು ಎದುರಿನ ಕುರ್ಚಿಯಿಂದ ನೋಡಿದೆ. ಎದುರಿನ ಕುರ್ಚಿಯ ಕಥೆ ಕೇಳು. ಮಗಳು ಪೋರ್ಚುಗೀಸರ ಹುಡುಗನನ್ನು ಮೆಚ್ಚಿದ್ದಾಳೆ, ಆಗಲಿ, ನನ್ನ ತವರು ಬೆಳಗಾವಿಗೆ ಅವರ ಗೋವಾ ಮಗ್ಗುಲಲ್ಲೇ ಇತ್ತು, ಇವರೇನು ಚಂದ್ರಲೋಕದವರಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೇ ಹೊರಟಿದ್ದೆ. ಮೂವತ್ತು ಸೇವಂತಿಗೆ ಕೊಂಡೆ, ಹಳದಿ ಹದಿನೈದು, ಬಿಳಿ ಹದಿನೈದು. ಸಿಡ್ನಿಗೆ ಸಿಡ್ನಿಯೇ ಅಂದು ತಾಯಂದಿರಿಗೆ ಸೇವಂತಿಗೆ ಒಯ್ಯುತ್ತಿತ್ತು, ನಮ್ಮಲ್ಲೂ ಅದು ದೇವರ ತಲೆಯ ಮೇಲಿನ ಹೂವು. ತಪ್ಪುವ ದಾರಿ ಎಲ್ಲಿದೆ ಹೇಳು? ಮಾರಿಕ್‌ವಿಲ್‌ನ ಆ ಮನೆಯ ಬಾಗಿಲಲ್ಲಿ ಅವನ ತಾಯಿ ಲುರ್ದೆಸ್ ನನ್ನ ಭುಜ ಹಿಡಿದು ಕೆನ್ನೆಗೆ ಮುತ್ತಿಡಲು ಬಂದಳು. ಒಂದು ಕೆನ್ನೆ ಮುಗಿಯಿತೆಂದು ನಾನು ಕೈ ಮುಗಿಯಲು ಬಗ್ಗಿದೆ, ಅವಳು ಎರಡನೆಯ ಕೆನ್ನೆಗೆ ಬಂದಳು, ಇಬ್ಬರ ಮೂಗೂ ಢಿಕ್ಕಿ ಹೊಡೆದವು. ನೀವಿಬ್ಬರೂ ನಕ್ಕಿರಿ. ನಗು ಅಲ್ಲಿಗೇ ಮುಗಿಯಿತು. ಹೂವನ್ನು ಅವಳ ತೋಳಿಗೆ ಇಟ್ಟೆ. ಅವಳ ಮುಖ ಬಿಳಿಚಿಕೊಂಡಿತು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಕೈ ತೊಳೆಯಲು ಹಿತ್ತಿಲ ಕಡೆ ಹೋದಾಗ ನೋಡುತ್ತೇನೆ, ನನ್ನ ಮೂವತ್ತು ಹೂವೂ ಹೊರಗಿನ ಮೆಟ್ಟಿಲ ಮೇಲೆ, ನೆಲ ಒರೆಸುವ ಬಕೆಟ್ಟಿನ ಪಕ್ಕದಲ್ಲಿ.

ಅದೂ ಹೋಗಲಿ, ಅವಳು ಉಟ್ಟಿದ್ದು! ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಕಪ್ಪು. ಕಪ್ಪು ಕಾಲುಚೀಲ, ಕಪ್ಪು ಬೂಟು. ಮಗನ ನಿಶ್ಚಯದ ಮಾತಿಗೆ ಕುಳಿತವಳು ಸೂತಕದ ಮನೆಯವಳ ಹಾಗೆ. ಹೊರಟಾಗ ಗೇಟು ದಾಟುವ ಮೊದಲೇ ನಾನು ಅಂದದ್ದು ನಿನಗೆ ನೆನಪಿದೆ, ಮರೆತಿದ್ದರೆ ನನ್ನ ಪುಣ್ಯ. "ಕಾರ್ಯದ ಮಾತಿಗೆ ಕರಿ ಉಟ್ಟು ಕುಂತಾಳ, ನನ್ನ ಹೂವಾ ಹೊರಗ ಒಗದಾಳ. ಈ ಮನಿ ಹೊಸ್ತಿಲಾ ತುಳದಿ ಅಂದ್ರ ನನ್ನ ಹೊಸ್ತಿಲಾ ಮರತುಬಿಡು!" ನೀನು ಕೂಗಾಡಿದ್ದರೆ ಚೆನ್ನಾಗಿತ್ತು. "ಫೈನ್, ಅವ್ವಾ" ಎಂದೆ, ಅಷ್ಟೇ. ಪಾವ್ಲು ಪಾಪ, ಕಸ್ಟರ್ಡ್ ಟಾರ್ಟಿನ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಅದೇ ವರ್ಷ ಆಗಸ್ಟಿನಲ್ಲಿ ನಿಮ್ಮ ರಿಜಿಸ್ಟರ್ ಮದುವೆ ಆಯಿತು. ನಾನು ಬರಲಿಲ್ಲ. ಅವಳೂ ಬರಲಿಲ್ಲವೆಂದು ಕೇಳಿದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು, ಅದನ್ನೂ ಬರೆದುಬಿಡುತ್ತೇನೆ.

ಈಗ ಆ ಹೆಸರಿನ ಸರದಿ ಬಂತು. ಅಕ್ಟೋಬರ್ ಕೊನೆಯ ವಾರ, ಪೀಟರ್‌ಶಮ್‌ನಲ್ಲಿ ನನ್ನ ಹೊಲಿಗೆ ಅಂಗಡಿಯ ಬಾಗಿಲ ಗಂಟೆ ಸದ್ದು ಮಾಡಿತು. ತಲೆ ಎತ್ತಿದರೆ ಲುರ್ದೆಸ್. ಅದೇ ಕಪ್ಪು. ಕೈಯಲ್ಲಿ ಜಿಪ್ಪು ಕೆಟ್ಟ ಕಪ್ಪು ಲಂಗ. ಆ ರಸ್ತೆಯಲ್ಲಿ ಅರ್ಧ ಅಂಗಡಿಗಳು ಅವರವೇ, ಅವಳು ಕಾಫಿ ಕುಡಿಯುವುದು ನಾಲ್ಕು ಬಾಗಿಲಾಚೆ. ಏಳು ವರ್ಷದಿಂದ ನಾನೂ ಅಲ್ಲೇ ಇದ್ದೇನೆ. ಹದಿನೇಳು ತಿಂಗಳು ಇಬ್ಬರೂ ರಸ್ತೆಯ ಎದುರು ಬದಿ ಹಿಡಿದು ನಡೆದದ್ದು ಸಣ್ಣ ಸಾಧನೆಯಲ್ಲ. ಆದರೆ ಜಿಪ್ಪಿಗೆ ಅಭಿಮಾನ ಗೊತ್ತಿರುವುದಿಲ್ಲ, ಆ ರಸ್ತೆಯಲ್ಲಿ ಬೇರೆ ಟೇಲರೂ ಇರಲಿಲ್ಲ. "ಟ್ಯೂಸ್ಡೇ?" ಎಂದಳು. "ಟ್ಯೂಸ್ಡೇ" ಎಂದೆ. ಅಪರಿಚಿತರು ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ.

ಆ ಮಂಗಳವಾರ ನಮ್ಮ ದೀಪಾವಳಿ ಅಮಾವಾಸ್ಯೆ. ಊರಿಗೆ ಊರೇ ನಿಮ್ಮ ಮೆಲ್ಬರ್ನ್‌ನ ಕುದುರೆ ಓಟ ನೋಡಲು ಟೀವಿಯ ಮುಂದೆ ಕೂತಿತ್ತು, ರಸ್ತೆ ಖಾಲಿ. ದೀಪಾವಳಿಗೆ ಹೆಣ್ಣುಮಕ್ಕಳು ತವರಿಗೆ ಬರುವ ಹೊತ್ತು. ಮನೆಯಲ್ಲಿ ಒಬ್ಬಳೇ ಕೂರಲು ಆಗದೆ ಅಂಗಡಿ ತೆಗೆದಿದ್ದೆ. ಹೊಲಿಗೆ ಯಂತ್ರದ ಪಕ್ಕ ಒಂದು ದೀಪ ಹಚ್ಚಿಟ್ಟಿದ್ದೆ, ಡಬ್ಬಿಯಲ್ಲಿ ಕಡಲೆಬೇಳೆ ಹೋಳಿಗೆ. ಲುರ್ದೆಸ್ ಒಳಗೆ ಬಂದಳು. ಎರಡು ತೋಳಿನ ತುಂಬ ಸೇವಂತಿಗೆ! ಇವತ್ತು ಹಬ್ಬವೆಂದು ನೀನೇ ಯಾರ ಬಾಯಲ್ಲಾದರೂ ಹೇಳಿಸಿದ್ದೀಯೆಂದೇ ತಿಳಿದೆ. ಎದ್ದು ನಿಂತೆ, ಉಡಿಯೊಡ್ಡುವ ಹಾಗೆ ಸೆರಗು ಒಡ್ಡಿದೆ, ಕಣ್ಣಲ್ಲಿ ನೀರೂ ಬಂತು. ಅವಳು ಹೂವನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡು ಕಿರುಚಿದಳು. "ನೋ, ನೋ! ನಾಟ್ ಫಾರ್ ಯೂ! ಫಾರ್ ಡೆಡ್! ಟುಮಾರೋ, ಮೈ ಹಸ್ಬೆಂಡ್!"

ಸೆರಗು ಒಡ್ಡಿದಂತೆಯೇ ಉಳಿಯಿತು. ಹರಕು ಇಂಗ್ಲಿಷು ಅವಳದೂ, ಹರಕು ಇಂಗ್ಲಿಷು ನನ್ನದೂ. ಎರಡು ಹರಕನ್ನು ಕೂಡಿಸಿದ ಮೇಲೆ ತಿಳಿದದ್ದು ಇಷ್ಟು. ನವೆಂಬರ್ ಎರಡು ಅವರಲ್ಲಿ ಸತ್ತವರ ದಿನ. ಗೋರಿ ತೊಳೆದು ಸೇವಂತಿಗೆ ಇಟ್ಟು ಬರುತ್ತಾರೆ. ಅವರ ಊರಿನಲ್ಲಿ ಆ ಹೂವನ್ನು ಬದುಕಿದವರ ಕೈಗೆ ಯಾರೂ ಕೊಡುವುದಿಲ್ಲ. ಸಂಧ್ಯಾ, ಮಗನ ಮದುವೆಯ ಮಾತಿಗೆಂದು ಬಂದು ನಾನು ಆ ಹೆಂಗಸಿನ ತೋಳಿಗೆ ಗೋರಿಯ ಹೂವು ಇಟ್ಟಿದ್ದೆ, ಅದೂ ಮೂವತ್ತು! ನಮ್ಮ ಮನೆಗೆ ಯಾರಾದರೂ ಚಟ್ಟದ ಬಿದಿರು ಹೊತ್ತು ಬಂದಿದ್ದರೆ ನಾನು ಅದನ್ನು ಬಕೆಟ್ಟಿನ ಪಕ್ಕ ಇಡುತ್ತಿರಲಿಲ್ಲ, ತಂದವರ ತಲೆಯ ಮೇಲೆ ಹೊಡೆಯುತ್ತಿದ್ದೆ. "ಐ ಥಿಂಕ್ ಯೂ ಕರ್ಸ್ ಮೈ ಪಾವ್ಲು" ಎಂದಳು. ಮದುವೆಗೆ ಅವಳು ಬಾರದೆ ಉಳಿದದ್ದು ಆ ಭಯಕ್ಕೆ. ಮಗನಿಗೂ ಹೇಳಿಲ್ಲವಂತೆ, ಹೇಳಿದರೆ ಶಾಪ ಹತ್ತುತ್ತದೆಂದು.

ಆಮೇಲೆ ಕಪ್ಪಿನ ಮಾತು ನಾನೇ ತೆಗೆದೆ. ಅವಳ ಗಂಡ ತೀರಿ ಹದಿನಾಲ್ಕು ವರ್ಷ, ಅಂದಿನಿಂದ ಕಪ್ಪು, ಸಾಯುವವರೆಗೂ ಕಪ್ಪು. ಮದೈರಾ ಎಂಬ ಅವರ ದ್ವೀಪದಲ್ಲಿ ಅವಳ ತಾಯಿ ನಲವತ್ತು ವರ್ಷ ಹಾಗೇ ಇದ್ದಳಂತೆ. ನಿಶ್ಚಯದ ದಿನ ತೊಟ್ಟಿದ್ದು ರೇಷ್ಮೆ, ಅವಳ ಬಳಿಯಿದ್ದ ಒಂದೇ ರೇಷ್ಮೆ, ನಮಗೆಂದು ಹಿಂದಿನ ದಿನ ಇಸ್ತ್ರಿ ಮಾಡಿಸಿದ್ದಳು. ನನಗೆ ಅದು ಕಾಣಲಿಲ್ಲವೆಂದಲ್ಲ. ಹನ್ನೊಂದು ಗುಂಡಿ ಇದ್ದವು, ಪ್ರತಿಯೊಂದಕ್ಕೂ ಅದೇ ರೇಷ್ಮೆಯ ಹೊದಿಕೆ, ಅಂಚಿಗೆ ಕೈಹೊಲಿಗೆ. ಟೇಲರಳ ಕಣ್ಣು ಎಲ್ಲವನ್ನೂ ಎಣಿಸಿತ್ತು. ಇಷ್ಟು ಕಷ್ಟಪಟ್ಟು ಉಟ್ಟವಳು ಅವಮಾನ ಮಾಡಲು ಉಟ್ಟಿರಲಾರಳು ಎಂಬ ಒಂದು ಲೆಕ್ಕ ಮಾತ್ರ ಹತ್ತಲಿಲ್ಲ. ನಿಮ್ಮಪ್ಪ ತೀರಿಕೊಂಡ ವರ್ಷ ನಾನು ಊರಿಗೆ ಹೋದಾಗ ನಿನ್ನ ಸೋದರತ್ತೆ ದ್ಯಾಮವ್ವ ಓಣಿಗೆಲ್ಲ ಕೇಳುವಂತೆ, "ಗಂಡ ಹೋದಾಕಿಗೆ ಹಸರ ಸೀರಿ ಯಾಕ ಬೇ?" ಎಂದಿದ್ದಳು. ಆ ಮಾತು ಇವತ್ತಿಗೂ ಮುಳ್ಳಿನಂತೆ ಚುಚ್ಚುತ್ತದೆ. ಅದೇ ನಾನು ಗಂಡ ಸತ್ತ ಇನ್ನೊಬ್ಬಳಿಗೆ ಕರಿ ಯಾಕೆಂದು ಕೇಳಿದೆ. ದ್ಯಾಮವ್ವನಿಗೆ ಧಾರವಾಡ ಬಿಟ್ಟು ಬೇರೆ ಊರು ಗೊತ್ತಿಲ್ಲ, ಅವಳನ್ನು ಕ್ಷಮಿಸಬಹುದು. ಏಳು ಸಮುದ್ರ ದಾಟಿ ಬಂದ ನನಗೇನಾಗಿತ್ತು?

ಹಬ್ಬದ ದಿನ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದಲ್ಲ, ಹೋಳಿಗೆಯ ಡಬ್ಬಿ ತೆರೆದೆ. ಒಂದು ತಿಂದಳು. ತಿಂದು ಎರಡು ಬೆರಳಿನಲ್ಲಿ ಕಿವಿಯ ಹಾಲೆ ಹಿಡಿದುಕೊಂಡಳು! ವಯಸ್ಸಿನಲ್ಲಿ ನನಗಿಂತ ಹಿರಿಯಳು, ಕಿವಿ ಹಿಡಿದು ತಪ್ಪಾಯಿತು ಎನ್ನುತ್ತಿದ್ದಾಳೆಂದು ತಿಳಿದು, ನಾನೂ ಎರಡೂ ಕಿವಿ ಹಿಡಿದುಕೊಂಡು, "ನಂದೂ ತಪ್ಪಾತ್ರೀ, ನಂದ ಜಾಸ್ತಿ ತಪ್ಪಾತು" ಎಂದೆ. ಅವಳು ಸಂತೋಷದಿಂದ ಇನ್ನೊಂದು ಹೋಳಿಗೆ ತೆಗೆದುಕೊಂಡಳು. ಮರುದಿನ ಕಾಫಿ ಅಂಗಡಿಯವನು ನಕ್ಕು ಹೇಳಿದ, ಕಿವಿ ಹಾಲೆ ಹಿಡಿದರೆ ಅವರಲ್ಲಿ ತಿನಿಸು ಬಹಳ ರುಚಿಯಾಗಿದೆ ಎಂದರ್ಥವಂತೆ. ಆಗಲಿ. ಅಷ್ಟರಲ್ಲಿ ನಾನು ಅವಳನ್ನು ಕ್ಷಮಿಸಿ ಆಗಿತ್ತು, ವಾಪಸು ಪಡೆಯಲು ಬರುವುದಿಲ್ಲ. ನಾನು ಕಿವಿ ಹಿಡಿದದ್ದು ಮಾತ್ರ ನಿಜವಾಗಿ ತಪ್ಪೊಪ್ಪಿಕೊಳ್ಳಲೇ.

ಮೂರನೆಯ ಹೋಳಿಗೆಗೆ ಕೈ ಚಾಚುತ್ತ ಅವಳು ನಿನ್ನ ಸುದ್ದಿ ಹೇಳಿದಳು. "ಸಂಧ್ಯಾ, ಬೇಬಿ, ಸಿಕ್ಸ್ ಮಂತ್." ಗೊತ್ತಿದೆಯೆಂದೇ ತಿಳಿದು ಹೇಳಿದಳು. ನಾನೂ ಗೊತ್ತಿದ್ದವಳಂತೆ ತಲೆಯಾಡಿಸಿ, ಯಂತ್ರದ ಸೂಜಿಗೆ ದಾರ ಪೋಣಿಸಲು ಕೂತೆ. ಆರು ಸಲ ತಪ್ಪಿತು. ಅವಳು ನನ್ನ ಕೈಯಿಂದ ದಾರ ತೆಗೆದುಕೊಂಡು, ಎಂಜಲು ಹಚ್ಚಿ, ತಾನೇ ಪೋಣಿಸಿಕೊಟ್ಟಳು. ಅಂದಿನಿಂದ ದಿನಾ ಬರುತ್ತಾಳೆ. ಈಗ ನಮ್ಮಿಬ್ಬರಿಗೆ ಬೇರೆ ಜಗಳ. ಬಾಣಂತಿಗೆ ಮೂವತ್ತು ದಿನ ಕೋಳಿ ಸಾರು ಕುಡಿಸಬೇಕಂತೆ. ಲಿಂಗವಂತರ ಮಗಳಿಗೆ ಕೋಳಿ ಸಾರೇ? ಅಂಟಿನ ಉಂಡಿ, ಕೊಬ್ಬರಿ, ಸಬ್ಬಸಿಗೆ ಎಂದು ನಾನು. ಇಲ್ಲದಿದ್ದರೆ ಬಾಣಂತಿಗೆ ಗಾಳಿ ಬಡಿಯುತ್ತದೆ, ಕೋಳಿಯೇ ಬೇಕೆಂದು ಅವಳು. ನಿನ್ನನ್ನು ಕೇಳದೆ ನಿನ್ನ ಬಾಣಂತನವನ್ನು ಹಂಚಿಕೊಂಡು ಕೂತಿದ್ದೇವೆ, ನಮ್ಮ ಧೈರ್ಯ ನೋಡು.

ಹೊಸ್ತಿಲ ಮಾತನ್ನು ನಾನು ಬಿಚ್ಚಿ ಹಾಕಿದ್ದೇನೆ. ಬಿಚ್ಚಿದ ಹೊಲಿಗೆಯ ತೂತು ಬಟ್ಟೆಯಲ್ಲಿ ಉಳಿಯುತ್ತದೆ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಾವ್ಲುವಿಗೆ ನನ್ನ ಆಶೀರ್ವಾದ ಹೇಳು. ಅಂದು ಅವನ ತಟ್ಟೆಯಿಂದ ಒಂದೂ ಎತ್ತಿಕೊಳ್ಳಲಿಲ್ಲವೆಂಬ ಬೇಸರ ನನಗಿದೆ. ಹೊಟ್ಟೆಯಲ್ಲಿರುವ ಕೂಸು ನೂರು ವರ್ಷ ಬಾಳಲಿ. ನಿನ್ನ ಮೈ ಹಗುರಾಗಲಿ, ಮನಸ್ಸು ಅದಕ್ಕಿಂತ ಮೊದಲೇ ಹಗುರಾಗಲಿ.

ನಿನ್ನ ಅವ್ವ,
ಗೌರಕ್ಕ

ತಾ.ಕ.: ಪೋಸ್ಟಿನವನು ಡಬ್ಬಿ ಖಾಲಿ ಮಾಡುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಡಿಸೆಂಬರಿಗೆ ನಿನಗೆ ಏಳು ತುಂಬುತ್ತದೆ, ತವರಿನವರು ಕುಬಸ ಮಾಡಬೇಕು, ಹೊಸ ಕುಪ್ಪಸ ತೊಡಿಸಿ ಉಡಿ ತುಂಬಬೇಕು. ಗುಳೇದಗುಡ್ಡದ ಹಸಿರು ಖಣ ತೆಗೆದಿಟ್ಟಿದ್ದೇನೆ, ಲುರ್ದೆಸ್ ಹಸಿರು ಬಳೆ ನೋಡಿಟ್ಟಿದ್ದಾಳೆ. ಗಂಡನಿಲ್ಲದ ಇಬ್ಬರು ಸೇರಿ ಕುಬಸ ಮಾಡಿದರೆ ದ್ಯಾಮವ್ವ ಏನಾದರೂ ಅಂದುಕೊಳ್ಳಲಿ. ಆದರೆ ನನ್ನ ಪುಸ್ತಕದಲ್ಲಿರುವುದು ನಿನ್ನ ಮದುವೆಗೆ ಮುಂಚಿನ ಅಳತೆ, ಅದು ಈಗ ಬರುವುದಿಲ್ಲ. ಎದೆ, ತೋಳು, ಬೆನ್ನು, ಉದ್ದ, ಇಷ್ಟು ಬರೆದು ಕಳಿಸು. ಬಾ ಎಂದು ಬರೆಯುವುದು ಬೇಡ, ಅವ್ವಾ ಎಂದೂ ಬರೆಯುವುದು ಬೇಡ. ನಾಲ್ಕು ಅಂಕಿ ಸಾಕು. ನಾವಿಬ್ಬರೂ ಹೊರಡುತ್ತೇವೆ.