ತಂತಿಯ ಆಚೆ ಉಳಿದ ಮೂಲೆ

ತಮ್ಮ ಹೋಕನ್‌ಗೆ,

ಹುಲ್ಲು ಕತ್ತರಿಸುವ ರೋಬೋಟ್ ಎಲ್ಲೆ ದಾಟದಿರಲೆಂದು ನೀನು ತಂತಿ ಹೂತು ಹೋದ ಮೇಲೆ ನಮ್ಮ ಬೇಸಿಗೆ ಮನೆಯ ಅಂಗಳ ನುಣುಪಾಗಿದೆ. ಅಮ್ಮ ಈಜಲು ಇಳಿಯುತ್ತಿದ್ದ ಸರೋವರದ ಕಡೆಯ ಮೂಲೆ ಮಾತ್ರ ತಂತಿಯ ಆಚೆ ಉಳಿದು, ಮೊಣಕಾಲೆತ್ತರ ಹುಲ್ಲು ಬೆಳೆದಿದೆ. ಕೇಳಿದರೆ, "ಅಲ್ಲಿ ಮಿಷನ್ ಸಿಕ್ಕಾಕ್ಕೊಳ್ಳುತ್ತೆ ಅಕ್ಕ, ನಿಂಗೆ ಗೊತ್ತಾಗಲ್ಲ ಬಿಡು" ಅಂದೆ.

ನನಗೆ ನಂಬಿಕೆ ಬರಲಿಲ್ಲ. ನಿನ್ನೆ ಕುಡುಗೋಲಿನಿಂದ ಆ ಹುಲ್ಲು ಸವರಿದಾಗ ಜಾಗ ಅಳೆದು ಗುರುತಿಗೆ ನೆಟ್ಟ, ಕೆಂಪು ತಲೆಯ ಮೂರು ಗೂಟಗಳು ಸಿಕ್ಕವು. ಪಕ್ಕದ ಮನೆಯ ಬಿರ್ಗರ್‌ನನ್ನು ಕೇಳಿದೆ. "ನಿನ್ ತಮ್ಮ ಆ ಮೂಲೆ ನಂಗೆ ಮಾರ್ತೀನಂದ. ನಿಂಗೆ ಹೇಳ್ಲಿಲ್ವಾ?" ಅಂದ.

ಗೂಟಗಳನ್ನು ಕಿತ್ತಿಲ್ಲ. ನೀನು ಬಿಟ್ಟುಹೋದ ಸುರುಳಿಯಲ್ಲಿ ಉಳಿದಿದ್ದ ತಂತಿ ಸೇರಿಸಿ, ನೀರಿನಂಚಿನವರೆಗೂ ಹೂತಿದ್ದೇನೆ. ಮಿಷನ್ ಬೆಳಗಿನಿಂದ ಅಲ್ಲೆಲ್ಲ ಓಡಾಡುತ್ತಿದೆ, ಎಲ್ಲೂ ಸಿಕ್ಕಿಕೊಂಡಿಲ್ಲ.

ಜಾಗ ನಮ್ಮಿಬ್ಬರ ಹೆಸರಲ್ಲಿದೆ. ಶನಿವಾರ ಬಾ. ನನ್ನ ಸಹಿಗೆಂದು ನೀನು ಇಟ್ಟುಕೊಂಡಿರಬಹುದಾದ ಮಾರಾಟದ ಕಾಗದವನ್ನು ನಿನ್ನ ಮನೆಯಲ್ಲೇ ಬಿಟ್ಟು ಬಾ.

ನಿನ್ನ ಅಕ್ಕ,
ಗುನ್ವೊರ್